ಕೂಲಿಯ ಕಡಿತವೂ ಅದತ್ತಾದಾನವೇ

ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಪರರ ಹೊಲದ ಬೇಲಿಯನ್ನು ದಾಟುವುದಿಲ್ಲ. ದಾರಿಯಲ್ಲಿ ಬಿದ್ದಿರುವ ನಾಣ್ಯವನ್ನು ಎತ್ತಿಕೊಳ್ಳುವುದಿಲ್ಲ. ಆದರೆ ತನ್ನ ಅಂಗಡಿಯಲ್ಲಿ ತಿಂಗಳಿಡೀ ದುಡಿದವನಿಗೆ ಸಲ್ಲಬೇಕಾದ ವೇತನದಲ್ಲಿ ಒಂದಂಶವನ್ನು ತನ್ನ ಪೆಟ್ಟಿಗೆಯಲ್ಲಿಯೇ ಉಳಿಸಿಕೊಂಡಾಗ ವ್ರತಕ್ಕೆ ಭಂಗ ಬಂದಿತೆಂದು ಅವನಿಗೆ ತೋರುವುದಿಲ್ಲ. ಅದಕ್ಕೆ ಅವನು ಮಿತವ್ಯಯವೆಂದೋ ವ್ಯವಹಾರಕೌಶಲವೆಂದೋ ಹೆಸರಿಡುತ್ತಾನೆ. ಹೆಸರನ್ನು ಬದಲಿಸಿದ ಮಾತ್ರಕ್ಕೆ ಕರ್ಮದ ಸ್ವರೂಪ ಬದಲಾಗುವುದಿಲ್ಲ. ಶಾಸನವು ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವುದು ಜಿಪುಣತನವಲ್ಲ, ಔದಾರ್ಯದ ಕೊರತೆಯೂ ಅಲ್ಲ. ಅದು ಕೊಡದುದನ್ನು ತೆಗೆದುಕೊಳ್ಳುವುದು, ಎಂದರೆ ಅದತ್ತಾದಾನ.

ಕನಿಷ್ಠ ವೇತನವೆಂಬುದು ಅಧಿಕಾರಿಗಳು ಮನಬಂದಂತೆ ಬರೆದ ಅಂಕಿಯೆಂದು ಭಾವಿಸುವವರು ಅದರ ಮೂಲವನ್ನು ಅರಿಯಬೇಕು. ಸ್ವತಂತ್ರ ಭಾರತವು 1948ರಲ್ಲಿಯೇ ಕನಿಷ್ಠ ವೇತನ ಕಾಯಿದೆಯನ್ನು ಮಾಡಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕುಳಿತ 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಅದರ ಅಳತೆಯನ್ನು ನಿಶ್ಚಯಿಸಿತು: ಒಬ್ಬನ ದುಡಿಮೆಯಿಂದ ಮೂರು ಘಟಕಗಳ ಒಂದು ಕುಟುಂಬ ಬದುಕಬೇಕು, ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಸೌದೆ ಮತ್ತು ದೀಪ ಮೊದಲಾದವಕ್ಕೆ ಒಟ್ಟಿನ ಶೇಕಡಾ 20. ಮಕ್ಕಳ ವಿದ್ಯೆ, ಔಷಧೋಪಚಾರ, ಹಬ್ಬ, ಮುಪ್ಪು, ಮದುವೆ ಇವುಗಳಿಗಾಗಿ ಶೇಕಡಾ 25ನ್ನು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಸೇರಿಸಿತು. ಈ ಪಟ್ಟಿಯಲ್ಲಿ ಭೋಗದ ವಸ್ತು ಯಾವುದಿದೆ? ಇದರಲ್ಲಿ ನೂರು ರೂಪಾಯಿ ಕಡಿದರೆ ಅದು ಯಾವುದೋ ಮಗುವಿನ ಅನ್ನದಿಂದಲೋ ಪುಸ್ತಕದಿಂದಲೋ ಕಡಿದಂತಾಯಿತು. ಅಧೀನರ ಅನ್ನಪಾನಗಳಿಗೆ ಅಡ್ಡಿಪಡಿಸುವುದನ್ನೂ, ಮಿತಿಮೀರಿ ಭಾರ ಹೊರಿಸುವುದನ್ನೂ ನಮ್ಮ ಶಾಸ್ತ್ರಕಾರರು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಎತ್ತು ಕುದುರೆಗಳ ವಿಷಯದಲ್ಲಿ ಮಾತ್ರ ಅನ್ವಯಿಸತಕ್ಕದ್ದೆಂದು ಯಾರೂ ವಾದಿಸಲಾರರು.

ಆದರೂ ನಮ್ಮವರಲ್ಲಿ ಸಮಾಧಾನಗಳಿಗೆ ಬರವಿಲ್ಲ. ಒಂದೊಂದನ್ನೇ ಪರಿಶೀಲಿಸೋಣ.

"ಅವನು ಒಪ್ಪಿಯೇ ಬಂದಿದ್ದಾನೆ" ಎಂಬುದು ಮೊದಲನೆಯದು. ಹಸಿದವನ ಒಪ್ಪಿಗೆ ಒಪ್ಪಿಗೆಯಲ್ಲ. ಕನಿಷ್ಠ ವೇತನದ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಅಸಿಂಧುವೆಂದು 1948ರ ಕಾಯಿದೆಯೇ ಸಾರಿತ್ತು. "ಊಟ, ವಸತಿ ನಾವೇ ಕೊಡುತ್ತೇವೆ" ಎಂಬುದು ಎರಡನೆಯದು. ಸರ್ಕಾರದ ಅನುಮತಿಯಿಲ್ಲದೆ ವಸ್ತುರೂಪದಲ್ಲಿ ಕೊಟ್ಟುದನ್ನು ಕನಿಷ್ಠ ವೇತನದ ಲೆಕ್ಕಕ್ಕೆ ಹಿಡಿಯಲು ಆ ಕಾಯಿದೆ ಎಡೆಗೊಡಲಿಲ್ಲ. ಅಭಿಮಾನದಿಂದ ಬಡಿಸಿದ ಅನ್ನಕ್ಕೆ ತಿಂಗಳ ಕೊನೆಯಲ್ಲಿ ಬೆಲೆ ಕಟ್ಟುವುದು ಆತಿಥ್ಯವೂ ಅಲ್ಲ. "ಅದು ಗುತ್ತಿಗೆದಾರನ ಹೊಣೆ" ಎಂಬುದು ಮೂರನೆಯದು. ಗುತ್ತಿಗೆದಾರನು ವೇತನ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡವನೇ ತೆರಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಿಂದಲೂ ನಡೆದುಬಂದ ನಿಯಮ. ಸ್ವತಃ ಮಾಡುವುದು, ಮಾಡಿಸುವುದು, ಮಾಡುವವನನ್ನು ಅನುಮೋದಿಸುವುದು ಈ ಮೂರನ್ನೂ ಆಸ್ರವದ್ವಾರಗಳೆಂದು ಬಾಲ್ಯದಿಂದ ಕಲಿತ ನಮಗೆ ಇದನ್ನು ನ್ಯಾಯಾಲಯವು ಹೇಳಿಕೊಡಬೇಕೆ?

ನಾಲ್ಕನೆಯ ಸಮಾಧಾನವು ಟ್ರಸ್ಟುಗಳದು: "ಬಸದಿ ವ್ಯಾಪಾರಸ್ಥಳವಲ್ಲ, ಇಲ್ಲಿಯ ಕೆಲಸ ಸೇವೆ." ಇಂಥದೇ ವಾದವನ್ನು ಒಂದು ರಾಜ್ಯ ಸರ್ಕಾರವೇ ಹಿಂದೆ ಮಂಡಿಸಿತ್ತು. ರಾಜಸ್ಥಾನದ ಅಜ್ಮೀರ್ ಜಿಲ್ಲೆಯಲ್ಲಿ ಬರಪರಿಹಾರಕ್ಕಾಗಿ ರಸ್ತೆಯನ್ನು ನಿರ್ಮಿಸುತ್ತಿದ್ದ ಕೂಲಿಗಳಿಗೆ ದಿನಕ್ಕೆ 7 ರೂಪಾಯಿಗಳ ಕನಿಷ್ಠ ಕೂಲಿಯೂ ಪೂರ್ತಿಯಾಗಿ ದೊರೆಯಲಿಲ್ಲ. ಅವರಲ್ಲಿ ಬಹುಮಂದಿ ಹೆಂಗಸರು. ಇದು ಪರಿಹಾರಕಾರ್ಯ, ಇದಕ್ಕೆ ಕಾರ್ಮಿಕ ಶಾಸನಗಳಿಂದ ವಿನಾಯಿತಿಯಿದೆ ಎಂದಿತು ಸರ್ಕಾರ. ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ಈ ವಾದವನ್ನು ತಳ್ಳಿಹಾಕಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿದ ಬಲಾತ್ಕಾರದ ದುಡಿಮೆಯೆಂದು, ಹಿಂದಿನ ವರ್ಷದ ಏಷ್ಯಾಡ್ ಕಾರ್ಮಿಕರ ತೀರ್ಪನ್ನು ಅನುಸರಿಸಿ ಅದು ಹೇಳಿತು. ಉಪಕಾರದ ಹೆಸರಿನಲ್ಲಿಯೂ ಸರ್ಕಾರಕ್ಕೆ ಸಲ್ಲದ ವಿನಾಯಿತಿ ಧರ್ಮದ ಹೆಸರಿನಲ್ಲಿ ನಮಗೆ ಸಲ್ಲಬೇಕೆಂದು ಕೇಳಲು ನಾಲಗೆ ಹೇಗೆ ಬರುತ್ತದೆ? ಸೇವೆಯೆಂಬುದು ಸೇವೆ ಮಾಡುವವನು ಸಂಕಲ್ಪಿಸತಕ್ಕದ್ದು, ಮಾಡಿಸಿಕೊಳ್ಳುವವನು ಹೊರಿಸತಕ್ಕದ್ದಲ್ಲ. ನಮ್ಮ ಟ್ರಸ್ಟು ಕಾಯಿದೆಯ ವ್ಯಾಪ್ತಿಗೆ ಬರುತ್ತದೆಯೇ ಇಲ್ಲವೇ ಎಂದು ವಕೀಲರ ಬಳಿ ಶೋಧಿಸುವುದೇ ಜಿನಾಲಯದ ಆಡಳಿತಕ್ಕೆ ಶೋಭಿಸದ ಕಾರ್ಯ. ಶಾಸನವು ನೆಲದ ಮಟ್ಟ. ವ್ರತವು ಅದರ ಕೆಳಗೆ ಇಳಿಯಲಾರದು.

ಇನ್ನು "ಸ್ವಲ್ಪ ವ್ಯತ್ಯಾಸಕ್ಕೆ ಇಷ್ಟು ಗದ್ದಲವೇಕೆ?" ಎನ್ನುವವರುಂಟು. 2020ರ ಏಪ್ರಿಲ್‌ನಿಂದ ಕರ್ನಾಟಕದ ಸಿದ್ಧಉಡುಪು ಕಾರ್ಮಿಕರಿಗೆ ತುಟ್ಟಿಭತ್ಯದ ಏರಿಕೆಯಾಗಿ ತಿಂಗಳಿಗೆ 417 ರೂಪಾಯಿ ಸಲ್ಲಬೇಕಾಗಿತ್ತು. ಉಚ್ಚ ನ್ಯಾಯಾಲಯವು ಅದೇ ಸೆಪ್ಟೆಂಬರ್‌ನಲ್ಲಿ ಬಾಕಿಸಹಿತ ಕೊಡತಕ್ಕದ್ದೆಂದ ಮೇಲೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಮೀರಿದ ಕಾರ್ಮಿಕರು ಇದರಿಂದ ಬಾಧಿತರಾದರು; 2022ರ ಆರಂಭದಲ್ಲಷ್ಟೇ ದೊಡ್ಡ ಕಾರ್ಖಾನೆಗಳು ಬಾಕಿ ತೀರಿಸತೊಡಗಿದವು. ವರ್ಷಕ್ಕೆ ತಲೆಗೆ 5,004 ರೂಪಾಯಿ. ನೂರು ಜನರಿರುವಲ್ಲಿ ಐದು ಲಕ್ಷಕ್ಕೂ ಮಿಗಿಲು. ಮಾಲೀಕನಿಗೆ ಅದು ಖಾತೆಯ ಒಂದು ಸಾಲು. ಹೊಲಿಗೆ ಯಂತ್ರದ ಮುಂದೆ ಕುಳಿತವಳಿಗೆ ಅದು ಅಕ್ಕಿಯ ಮೂಟೆ. ತಕ್ಕಡಿಯಲ್ಲಿ ಕಾಲುತೊಲ ತಗ್ಗಿಸಿದವನನ್ನು ವಂಚಕನೆನ್ನುವ ನಾವು ಇದನ್ನು ಏನೆನ್ನೋಣ?

ಇಂದು 1948ರ ಕಾಯಿದೆಯ ಸ್ಥಾನಕ್ಕೆ 2019ರ ವೇತನ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ತಿಂಗಳ ಸಂಬಳವು ಮುಂದಿನ ತಿಂಗಳ ಏಳನೆಯ ದಿನದೊಳಗೆ ಸಲ್ಲಬೇಕು. ಹೆಚ್ಚಿನ ಅವಧಿಯ ದುಡಿಮೆಗೆ ಎರಡು ಪಾಲು ಕೂಲಿ ಕೊಡಬೇಕು. ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ಬಾಕಿಯನ್ನು ಕೇಳಲು ಹಿಂದೆ ಆರು ತಿಂಗಳ ಕಾಲಮಿತಿಯಿತ್ತು, ಈಗ ಮೂರು ವರ್ಷ. ಕೊಟ್ಟೆನೆಂದು ಸಾಧಿಸುವ ಹೊಣೆ ಮಾಲೀಕನದೇ. ಕಡಿಮೆ ಕೊಟ್ಟವನಿಗೆ 50,000 ರೂಪಾಯಿಯವರೆಗೆ ದಂಡವಿದೆ. ದಂಡದ ಭಯದಿಂದ ಕೊಡುವವನು ಪ್ರಜೆಯಾಗಿ ಉಳಿದಾನು. ಶ್ರಾವಕನು ಅದಕ್ಕೂ ಮೊದಲೇ ಕೊಟ್ಟಿರಬೇಕು.

ಆದ್ದರಿಂದ ಸಮಾಜಬಾಂಧವರಲ್ಲಿ ನಮ್ಮ ಆಗ್ರಹ ಸ್ಪಷ್ಟವಾಗಿದೆ. ಪ್ರತಿಯೊಂದು ಟ್ರಸ್ಟೂ ತನ್ನ ವಾರ್ಷಿಕ ಸಭೆಯಲ್ಲಿ ದಾನಿಗಳ ಪಟ್ಟಿಯನ್ನು ಓದುವ ಮೊದಲು ವೇತನದ ಪಟ್ಟಿಯನ್ನು ಓದಲಿ: ಕಾವಲುಗಾರನಿಗೆಷ್ಟು, ಅಡುಗೆಯವಳಿಗೆಷ್ಟು, ಅಂಗಳ ಗುಡಿಸುವವಳಿಗೆಷ್ಟು, ಸರ್ಕಾರದ ಈ ವರ್ಷದ ದರವೆಷ್ಟು. ಕೊರತೆ ಕಂಡುಬಂದಲ್ಲಿ ಮುಂದಿನ ಉತ್ಸವವನ್ನು ಕಿರಿದುಗೊಳಿಸಿಯಾದರೂ ಬಾಕಿಯನ್ನು ಮೊದಲು ತೀರಿಸಲಿ. ಗೃಹಸ್ಥಧರ್ಮಕ್ಕೆ ನ್ಯಾಯಾರ್ಜಿತ ಧನವೇ ಮೊದಲ ಮೆಟ್ಟಿಲೆಂದು ಹಿರಿಯರು ನಿಲ್ಲಿಸಿದ್ದಾರೆ. ದಾನ ಅದರ ಮೇಲಿನದು. ಅನ್ಯರ ಬೆವರಿನ ಬೆಲೆಯನ್ನು ಒಳಗಿಟ್ಟುಕೊಂಡು ಕಲಶದ ಸವಾಲಿನಲ್ಲಿ ಲಕ್ಷ ಕೂಗಿದವನು ದಾನಿಯಲ್ಲ. ಅವನು ಕೂಗಿದ ಹಣದಲ್ಲಿ ಒಂದು ಪಾಲು ಅಂಗಳ ಗುಡಿಸುವವಳದು. ಆಕೆಯ ಹೆಸರು ಮಾತ್ರ ಶಿಲಾಫಲಕದ ಮೇಲೆ ಇರುವುದಿಲ್ಲ.