ಪುರೋಹಿತರಿಲ್ಲದ ಸಭೆಯಲ್ಲಿ

ಪರದೇಶಕ್ಕೆ ಹೋದವರು ಅಲ್ಲಿನ ಅರಮನೆ, ಸೇತುವೆ, ವಸ್ತುಸಂಗ್ರಹಾಲಯಗಳನ್ನು ನೋಡಿ ಬರುವುದು ವಾಡಿಕೆ. ಅಲ್ಲಿಯ ಜನರು ದೇವರ ಸನ್ನಿಧಿಯಲ್ಲಿ ಹೇಗೆ ಕುಳಿತುಕೊಳ್ಳುತ್ತಾರೆಂಬುದನ್ನು ಕಂಡು ಬರುವವರು ವಿರಳ. ಅನ್ಯಧರ್ಮೀಯರ ಪ್ರಾರ್ಥನೆಯಲ್ಲಿ ಲಿಂಗವಂತರು ಕುಳಿತುಕೊಳ್ಳಬಹುದೇ ಎಂದು ಓದುಗ ಬಂಧುಗಳು ಆಗಾಗ ಕೇಳುವುದುಂಟು. ಮಕ್ಕಳು ಹೊರದೇಶಗಳಲ್ಲಿ ನೆಲೆಸಿರುವ ಮನೆಗಳಿಗೆ ಇದು ಬರಿಯ ಚರ್ಚೆಯ ವಿಷಯವಲ್ಲ. ವಾದ ಹೂಡುವುದಕ್ಕಿಂತ ನಾವು ಕಂಡುದನ್ನು ಹೇಳುವುದೇ ಲೇಸು.

ಕೆಲವು ವರ್ಷಗಳ ಹಿಂದೆ ಲಂಡನ್ನಿಗೆ ಹೋಗಿದ್ದೆವು. ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ಶರಣು ಸಲ್ಲಿಸಿದೆವು. ಮರುದಿನ ಭಾನುವಾರ ಇಷ್ಟಲಿಂಗ ಪೂಜೆಯನ್ನು ಮುಗಿಸಿಕೊಂಡು, ಬಕಿಂಗ್‌ಹ್ಯಾಮ್‌ಷೈರ್ ಸೀಮೆಯ ಜೋರ್ಡನ್ಸ್ ಎಂಬ ಹಳ್ಳಿಗೆ ಹೊರಟೆವು. ಅಲ್ಲಿ ಕ್ವೇಕರ್ ಪಂಥದವರ ಪ್ರಾರ್ಥನಾಗೃಹವಿದೆ. 1688ರಲ್ಲಿ ಕಟ್ಟಿದ ಇಟ್ಟಿಗೆಯ ಸಾದಾ ಕಟ್ಟಡ, ಗೋಪುರವಿಲ್ಲ, ವೇದಿಕೆಯಿಲ್ಲ. 2005ರಲ್ಲಿ ಬೆಂಕಿಗೆ ಸಿಕ್ಕಿ, ದುರಸ್ತಿಗೊಂಡು, 2008ರಲ್ಲಿ ಮತ್ತೆ ತೆರೆಯಿತು. ಅಮೆರಿಕದ ಪೆನ್ಸಿಲ್ವೇನಿಯವನ್ನು ಸ್ಥಾಪಿಸಿದ ವಿಲಿಯಂ ಪೆನ್ನನ ಸಮಾಧಿಯೂ ಅಲ್ಲಿಯೇ ಇದೆ. ಅದರ ಮೇಲೂ ಒಂದು ಸಣ್ಣ ಕಲ್ಲಲ್ಲದೆ ಬೇರೇನೂ ಇಲ್ಲ.

ಒಳಗೆ ಇಪ್ಪತ್ತು ಜನರಷ್ಟು ಇದ್ದರು. ಪುರೋಹಿತರಿಲ್ಲ, ಮಂತ್ರವಿಲ್ಲ, ಹಾಡಿಲ್ಲ. ಒಬ್ಬೊಬ್ಬರಾಗಿ ಬಂದು ಹಲಗೆಯ ಬೆಂಚುಗಳಲ್ಲಿ ಕುಳಿತು ಮೌನವಾದರು, ಅದೇ ಪ್ರಾರ್ಥನೆ. ಅಂತಃಪ್ರೇರಣೆಯಾದವರು ಯಾರಾದರೂ ಎದ್ದು ಮಾತನಾಡಬಹುದು. ಅಂದು ಒಬ್ಬ ವೃದ್ಧೆ ಎದ್ದು, ಹಾಸಿಗೆ ಹಿಡಿದ ನೆರೆಯವರೊಬ್ಬರನ್ನು ಕುರಿತು ನಾಲ್ಕು ಮಾತು ಹೇಳಿ ಕುಳಿತರು. ಯಾರೂ ಉತ್ತರಿಸಲಿಲ್ಲ, ತಲೆದೂಗಲಿಲ್ಲ. ಗಂಟೆ ಕಳೆದ ಮೇಲೆ ಹಿರಿಯರಿಬ್ಬರು ಕೈ ಕುಲುಕಿದರು; ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿದರು. ಸಭೆ ಮುಗಿಯಿತು. ನಮ್ಮ ಎದೆಯ ಮೇಲೆ ಇಷ್ಟಲಿಂಗ ಇದ್ದಂತೆಯೇ ಇತ್ತು. ನಮ್ಮ ನಂಬಿಕೆಯನ್ನು ಯಾರೂ ವಿಚಾರಿಸಲಿಲ್ಲ, ತಮ್ಮದನ್ನು ಒಪ್ಪಿರೆಂದು ಯಾರೂ ಹೇಳಲಿಲ್ಲ.

ಈ ಪಂಥದ ಮೂಲಪುರುಷ ಜಾರ್ಜ್ ಫಾಕ್ಸ್ (1624-1691) ನೇಕಾರರ ಮನೆಯಲ್ಲಿ ಹುಟ್ಟಿ, ಪಾದರಕ್ಷೆ ಹೊಲಿಯುವ ಕೆಲಸ ಕಲಿತವರು. ಜೇಡರ ದಾಸಿಮಯ್ಯನವರನ್ನೂ ಹರಳಯ್ಯನವರನ್ನೂ ಬಲ್ಲ ನಮ್ಮ ಓದುಗರಿಗೆ ಈ ಹಿನ್ನೆಲೆ ಅಪರಿಚಿತವೆನಿಸದು. ದೇವರಿಗೂ ಮನುಷ್ಯನಿಗೂ ನಡುವೆ ಮಧ್ಯವರ್ತಿ ಬೇಡವೆಂದು ಅವರು ಸಾರಿದರು. ಅವರ ಅನುಯಾಯಿಗಳಲ್ಲಿ ಸಾವಿರಾರು ಮಂದಿ ಸೆರೆಮನೆ ಕಂಡರು. ಸ್ತ್ರೀಯರೂ ಧರ್ಮಸಭೆಯಲ್ಲಿ ಮಾತನಾಡಬಹುದೆಂಬುದನ್ನು ಸಮರ್ಥಿಸಿ ಮಾರ್ಗರೆಟ್ ಫೆಲ್ 1666ರಲ್ಲಿ ಪುಸ್ತಕ ಬರೆದದ್ದು ಸೆರೆಮನೆಯೊಳಗಿಂದಲೇ. ಗುಲಾಮರ ವ್ಯಾಪಾರದ ವಿರುದ್ಧ ಈ ಪಂಥದವರು 1783ರಲ್ಲಿಯೇ ಬ್ರಿಟಿಷ್ ಪಾರ್ಲಿಮೆಂಟಿಗೆ ಮನವಿ ಕೊಟ್ಟರು. ಯುದ್ಧಪೀಡಿತರಿಗೆ ಮಾಡಿದ ಸೇವೆಗಾಗಿ ಇವರ ಎರಡು ಸಂಸ್ಥೆಗಳಿಗೆ 1947ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಸಂದಿತು.

ಹಾಗೆಂದು ಎಲ್ಲವೂ ಒಂದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಅವರಿಗೆ ಇಷ್ಟಲಿಂಗವಿಲ್ಲ, ನಮ್ಮ ಪೂಜೆಗೆ ಅಂಗೈಯ ಲಿಂಗವೇ ಕೇಂದ್ರ. ಅಂದಿನ ಕ್ವೇಕರರು ದೊರೆಗಳನ್ನೂ ಬಹುವಚನದಿಂದ ಕರೆಯದೆ, ಎಲ್ಲರನ್ನೂ ‘ನೀನು’ ಎಂದೇ ಮಾತನಾಡಿಸಿದರು. ನಮ್ಮ ಶರಣರು ಅತ್ಯಂತ ಕೆಳಗಿನವರನ್ನೂ ‘ಅಯ್ಯಾ’ ಎಂದು ಗೌರವಿಸಿದರು. ಸಮಾನತೆಗೆ ಅವರು ಹಿಡಿದ ದಾರಿ ಬೇರೆ, ನಮ್ಮವರು ಹಿಡಿದ ದಾರಿ ಬೇರೆ. ಜಗತ್ತಿನ ಎಲ್ಲ ಕ್ವೇಕರರೂ ಮೌನವಾಗಿ ಕೂರುವವರೆಂದೂ ತಿಳಿಯಬಾರದು. ಕೆನ್ಯಾ ದೇಶದಲ್ಲಿ ಅವರ ಪ್ರಾರ್ಥನೆಯಲ್ಲಿ ಹಾಡು, ಉಪದೇಶ, ಪಾದ್ರಿ ಎಲ್ಲವೂ ಉಂಟು.

ನಮ್ಮ ಮನಸ್ಸನ್ನು ಬಹುಕಾಲ ಹಿಡಿದುಕೊಂಡ ವಿಷಯ ಇನ್ನೊಂದಿದೆ. ಪ್ರಾರ್ಥನೆಯ ನಂತರ ಚಹಾ ಕುಡಿಯುತ್ತ, ಸಂಘದ ವ್ಯವಹಾರಗಳನ್ನು ಹೇಗೆ ನಡೆಸುತ್ತೀರೆಂದು ವಿಚಾರಿಸಿದೆವು. ಅವರಲ್ಲಿ ಮತದಾನವಿಲ್ಲ. ವ್ಯವಹಾರದ ಸಭೆಯೂ ಮೌನದಿಂದಲೇ ಆರಂಭವಾಗುತ್ತದೆ. ಒಬ್ಬರು ಆಡಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಬ್ಬರು ಮಾತನಾಡುತ್ತಾರೆ. ಕಾರ್ಯದರ್ಶಿ ನಿರ್ಣಯವನ್ನು ಅಲ್ಲಿಯೇ ಬರೆದು ಓದುತ್ತಾರೆ; ಸಭೆ ಒಪ್ಪಿದರೆ ಅಂಗೀಕಾರ, ಒಮ್ಮತವಾಗದಿದ್ದರೆ ಮುಂದಿನ ಸಭೆಗೆ. ಗೆದ್ದ ಪಕ್ಷ, ಸೋತ ಪಕ್ಷ ಎಂಬುದೇ ಅಲ್ಲಿಲ್ಲ.

ನಮ್ಮ ಸಂಘಸಂಸ್ಥೆಗಳ ಚುನಾವಣೆಗಳನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ. ಅಣ್ಣತಮ್ಮಂದಿರು ಎರಡು ಗುಂಪಾಗುವುದು, ಒಂದೇ ಊರಿನ ಬಳಗದವರು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದಿರುವುದು, ವಸತಿನಿಲಯದ ಮಕ್ಕಳಿಗೆ ಸಲ್ಲಬೇಕಾದ ಹಣ ನ್ಯಾಯಾಲಯದ ವೆಚ್ಚಕ್ಕೆ ಹೋಗುವುದು ನಮ್ಮಲ್ಲಿ ಅಪರೂಪವಲ್ಲ. ಅನುಭವ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಾವು, ಎದುರಿಗಿದ್ದವರ ಮಾತು ಮುಗಿಯುವವರೆಗೆ ಕಾಯುವುದನ್ನು ಎಲ್ಲಿ ಬಿಟ್ಟೆವು?

ಅನ್ಯರ ಪ್ರಾರ್ಥನೆಯಲ್ಲಿ ಕುಳಿತರೆ ಧರ್ಮಕ್ಕೆ ಕುಂದು ಬರುವುದಿಲ್ಲವೆಂದೇ ನಮ್ಮ ಅಭಿಪ್ರಾಯ. ಹೋಗುವ ಮುನ್ನ ನಮ್ಮ ನಿತ್ಯಪೂಜೆ ತಪ್ಪದಿರಲಿ. ಹೋದಲ್ಲಿ ಅವರ ನಿಯಮಕ್ಕೆ ಗೌರವವಿರಲಿ. ಮುಂದಿನ ಬಾರಿ ನಿಮ್ಮ ಊರಿನ ಸಂಘದ ಸರ್ವಸದಸ್ಯರ ಸಭೆ ಸೇರಿದಾಗ ಹಾರತುರಾಯಿಗೆ ಮೀಸಲಿಡುವ ಹೊತ್ತಿನಲ್ಲಿ ಹತ್ತು ನಿಮಿಷವನ್ನು ಮೌನಕ್ಕೆ ಕೊಟ್ಟು ನೋಡಿರಿ. ಆಮೇಲೆ ಲೆಕ್ಕಪತ್ರದ ಕಡತವನ್ನು ತೆರೆಯಿರಿ.