ಬಿದ್ದು ಆದ ಗಾಯಕ್ಕೂ ಎರಡು ವರ್ಷ ಕಾಯಬೇಕೇ?

ಗೆ,
ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಹೈದರಾಬಾದ್

ಮಾನ್ಯರೇ,

ಬನಶಂಕರಿಯಲ್ಲಿ ನಮ್ಮ ಮನೆ ಹತ್ತಿರವೇ ನನ್ನ ಪತ್ನಿಯ ಸ್ಕೂಟರ್ ರಸ್ತೆಗುಂಡಿಗೆ ಇಳಿದು, ಹ್ಯಾಂಡಲ್ ಅವಳ ಎಡಸೊಂಟಕ್ಕೆ ಬಲವಾಗಿ ಗುದ್ದಿತು. ಬಾವು ಇಳಿದರೂ ಬೆನ್ನಿನ ಪಕ್ಕದಲ್ಲಿ ಒಂದು ಉಬ್ಬು ಉಳಿದೇಬಿಟ್ಟಿತು. ಕೆಮ್ಮಿದರೆ ಎದ್ದು ಕಾಣುತ್ತಿತ್ತು, ಬೋರಲು ಮಲಗಿದರೆ ಒಳಗೆ ಸರಿಯುತ್ತಿತ್ತು. ಮೊದಲು ನೋಡಿದ ವೈದ್ಯರು ಕೊಬ್ಬಿನ ಗಡ್ಡೆ ಎಂದರು. ಅವರ ಮೇಲೆ ನನಗೆ ದೂರಿಲ್ಲ. ಅದು ನಿಜಕ್ಕೂ ಸೊಂಟದ ಹರ್ನಿಯಾ ಆಗಿತ್ತು; ಹೊಟ್ಟೆಯ ಗೋಡೆಯ ಹರ್ನಿಯಾಗಳಲ್ಲಿ ಅದರ ಪಾಲು ಶೇ 2ರಷ್ಟೂ ಇಲ್ಲ. ಎಷ್ಟೋ ವೈದ್ಯರು ಇದನ್ನು ಕಂಡೇ ಇರುವುದಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಸೊಂಟದ ಮೂಳೆಯ ಮೇಲಂಚಿನಲ್ಲಿ ಸ್ನಾಯು ಹರಿದು, ಕರುಳು ಹೊರಗೆ ತಳ್ಳಿಕೊಂಡಿದ್ದು ಕಂಡಿತು. ಮೆಶ್ ಹಾಕಿ ಹೊಲಿಯಬೇಕು, ಕರುಳು ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ ಎಂದರು ಸರ್ಜನ್.

ವಿಮಾ ಕಂಪನಿ ಕ್ಯಾಶ್‌ಲೆಸ್ ಚಿಕಿತ್ಸೆಯ ಮನವಿಯನ್ನು ತಿರಸ್ಕರಿಸಿತು. ಹರ್ನಿಯಾಕ್ಕೆ 24 ತಿಂಗಳ ಕಾಯುವ ಅವಧಿ, ನಿಮ್ಮ ಪಾಲಿಸಿಗೆ ಇನ್ನೂ ಅಷ್ಟಾಗಿಲ್ಲ ಎಂಬ ಒಂದೇ ಸಾಲಿನ ಉತ್ತರ. ಆದರೆ ಪಾಲಿಸಿಯ ಅದೇ ಷರತ್ತಿನ ಮುಂದಿನ ವಾಕ್ಯದಲ್ಲೇ, ಅಪಘಾತದಿಂದ ಉಂಟಾದ ಕ್ಲೇಮಿಗೆ ಇದು ಅನ್ವಯಿಸುವುದಿಲ್ಲ ಎಂದಿದೆ. ಬಿದ್ದ ದಿನದ ಆಸ್ಪತ್ರೆ ಚೀಟಿ, ಪೆಟ್ಟಿನಿಂದಲೇ ಆದದ್ದು ಎಂಬ ಸರ್ಜನ್ನರ ಪತ್ರ, ಸ್ಕ್ಯಾನ್ ವರದಿ ಎಲ್ಲವನ್ನೂ ಲಗತ್ತಿಸಿದ್ದೆವು. ಹರ್ನಿಯಾ ಎಂಬ ಹೆಸರು ಕಂಡವರು ಕಾರಣ ಓದಲೇ ಇಲ್ಲ. ಅವಳ ಬಳೆ ಅಡವಿಟ್ಟು ಆಪರೇಷನ್ ಮಾಡಿಸಿದೆವು.

ವಿಮಾ ಒಂಬುಡ್ಸ್‌ಮನ್ ಕಚೇರಿ ಜೆ.ಪಿ. ನಗರ ಒಂದನೇ ಹಂತದಲ್ಲೇ ಇದೆ, ಶುಲ್ಕವೂ ಇಲ್ಲ, ನಿಜ. ಆದರೆ ಮೊದಲು ಕಂಪನಿಗೆ ಬರೆಯಬೇಕು, ಉತ್ತರ ಬರದಿದ್ದರೆ ತಿಂಗಳು ಕಾದು ಆಮೇಲೆ ಅಲ್ಲಿಗೆ ಹೋಗಬೇಕು. ಆಸ್ಪತ್ರೆಯ ಕೌಂಟರಿನಲ್ಲಿ ಇವತ್ತೇ ಹಣ ಕಟ್ಟಿ ಅನ್ನುವಾಗ ಆ ದಾರಿ ಯಾವ ರೋಗಿಗೆ ಆದೀತು? ಬಿ.ಟಿ.ಎಂ. ಲೇಔಟಿನಿಂದ ಜಯನಗರದವರೆಗೆ ಗುಂಡಿ ತಪ್ಪಿಸಿಕೊಂಡು ಗಾಡಿ ಓಡಿಸುವ ಎಲ್ಲರಿಗೂ ಕಾಯುವ ಅವಧಿಯ ಈ ಷರತ್ತು ಸಂಬಂಧಪಟ್ಟಿದೆ.

ಅಪಘಾತ ಎಂದು ದಾಖಲಾದ ಕ್ಲೇಮನ್ನು ಕಾಯುವ ಅವಧಿಯ ಹೆಸರಿನಲ್ಲಿ ತಿರಸ್ಕರಿಸುವ ಮುನ್ನ ಒಬ್ಬ ವೈದ್ಯರು ಕಡತ ಓದಿ, ಅಪಘಾತವಲ್ಲ ಎನ್ನಲು ಕಾರಣ ಬರೆದು, ಹೆಸರು ಹಾಕಿ ಸಹಿ ಮಾಡಬೇಕೆಂದು ಎಲ್ಲ ಕಂಪನಿಗಳಿಗೂ ತಾವು ಆದೇಶಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಬನಶಂಕರಿಯ ಒಬ್ಬ ಪಾಲಿಸಿದಾರ