ಹೊಸ್ತಿಲು ದಾಟಿದ ಮೇಲೆ

ಹೋದ ತಿಂಗಳು ಒಂದು ವಿಚಾರ ಸಂಕಿರಣದಲ್ಲಿ ಹಿರಿಯರೊಬ್ಬರು, "ಈಗಿನ ಹುಡುಗಿಯರಿಗೆ ಡೈವೋರ್ಸ್ ಅಂದರೆ ಸಿಮ್ ಬದಲಾಯಿಸಿದ ಹಾಗೆ" ಎಂದರು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಹಿಂದಿನ ದಿನವಷ್ಟೇ ದೊಡ್ಡಮ್ಮನ ಮಗಳ ಜೊತೆ ಕೌಟುಂಬಿಕ ನ್ಯಾಯಾಲಯದ ಬೆಂಚಿನ ಮೇಲೆ ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಕೂತು, ಮುಂದಿನ ತಾರೀಖು ಬರೆದುಕೊಂಡು ವಾಪಸು ಬಂದಿದ್ದೆ. ಅಕ್ಕನ ಕೇಸಿಗೆ ಇದು ನಾಲ್ಕನೆಯ ವರ್ಷ.

ನನ್ನ ಜಗಳ ಆ ಹಿರಿಯರೊಬ್ಬರ ಜೊತೆ ಮಾತ್ರ ಅಲ್ಲ, ನಮ್ಮಂಥವರ ಜೊತೆಗೂ ಇದೆ. ನಾನು ಪಿಎಚ್.ಡಿ. ಮಾಡುತ್ತಿರುವುದು ಕನ್ನಡ ಕಥೆಗಳಲ್ಲಿನ ದಾಂಪತ್ಯದ ಬಗ್ಗೆ. ನಾವು ಮೆಚ್ಚುವ ಎಷ್ಟೋ ಕಥೆಗಳಲ್ಲಿ ಅವಳು ಹೊಸ್ತಿಲು ದಾಟುತ್ತಾಳೆ, ಕಥೆ ಮುಗಿಯುತ್ತದೆ. ನಾವು ಅದಕ್ಕೆ 'ಬಿಡುಗಡೆ' ಎಂದು ಹೆಸರಿಟ್ಟು ಪ್ರಬಂಧ ಮಂಡಿಸುತ್ತೇವೆ. ಕಾನೂನು ಶುರುವಾಗುವುದೇ ಅಲ್ಲಿಂದ.

1955ರ ಹಿಂದೂ ವಿವಾಹ ಕಾಯ್ದೆ ಹೊರಹೋಗಲು ಇಟ್ಟಿರುವ ಮುಖ್ಯ ಬಾಗಿಲು ಎರಡು. ಒಂದು, 13ನೇ ಸೆಕ್ಷನ್: ಕ್ರೌರ್ಯ, ವ್ಯಭಿಚಾರ, ಎರಡು ವರ್ಷದ ಪರಿತ್ಯಾಗ, ಹೀಗೆ ಎದುರಿನವರ ತಪ್ಪನ್ನು ಸಾಬೀತು ಮಾಡಬೇಕು. ಅಕ್ಕನ ಗಂಡ ಹೊಡೆಯಲಿಲ್ಲ, ಕುಡಿಯಲಿಲ್ಲ, ವರ್ಷಗಟ್ಟಲೆ ಮಾತಾಡಿಸಲಿಲ್ಲ. ಮೌನವೂ ಮಾನಸಿಕ ಕ್ರೌರ್ಯ ಆಗಬಹುದು, ಆದರೆ ಮೌನಕ್ಕೆ ಸಾಕ್ಷಿ ಹೇಳುವವರು ಯಾರು?

ಇನ್ನೊಂದು, 1976ರ ತಿದ್ದುಪಡಿಯಿಂದ ಬಂದ 13ಬಿ: ಪರಸ್ಪರ ಒಪ್ಪಿಗೆ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ತಕ್ಕ ಪ್ರಕರಣಗಳಲ್ಲಿ ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಕೇಳುವುದಕ್ಕೆ ಸಭ್ಯವಾಗಿದೆ. ಆದರೆ ಒಪ್ಪಿಗೆಗೂ ಬೆಲೆ ಕಟ್ಟುತ್ತಾರೆ. "ಜೀವನಾಂಶ ಬಿಟ್ಟುಬಿಡು, ಸಹಿ ಹಾಕ್ತೀನಿ" ಎಂದ ಭಾವ. ಒಪ್ಪಿದರೂ, ಡಿಕ್ರಿ ಆಗುವವರೆಗೆ ಅವನು ಹಿಂದೆಗೆಯಬಹುದು. ಅಕ್ಕ ಮಗಳ ಮುಖ ನೋಡಿ ಆಗಲ್ಲ ಎಂದಳು. ಅದಕ್ಕುತ್ತರವಾಗಿ ಅವನು 9ನೇ ಸೆಕ್ಷನ್ ಅಡಿ ಅರ್ಜಿ ಹಾಕಿದ: ಹೆಂಡತಿ ಬಂದು ತನ್ನ ಜೊತೆ ಬಾಳಬೇಕಂತೆ! ಈ ಸೆಕ್ಷನ್ ಹೆಣ್ಣಿನ ಖಾಸಗಿತನಕ್ಕೆ ವಿರುದ್ಧ ಎಂದು ಆಂಧ್ರಪ್ರದೇಶ ಹೈಕೋರ್ಟಿನ ನ್ಯಾಯಮೂರ್ತಿ ಪಿ.ಎ. ಚೌದರಿ 1983ರಲ್ಲೇ ತಳ್ಳಿಹಾಕಿದ್ದರು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ಇವತ್ತಿಗೂ ನಿಂತಿದೆ.

ಹಾಗಾದರೆ ಸತ್ತುಹೋದ ಮದುವೆಯನ್ನು ಸತ್ತಿದೆ ಎಂದು ಹೇಳುವವರು ಯಾರು? ಸುಪ್ರೀಂ ಕೋರ್ಟ್ ಹೇಳಬಹುದು. ಸಂವಿಧಾನದ 142ನೇ ವಿಧಿಯ ಅಡಿ ತನಗೆ ಆ ಅಧಿಕಾರ ಇದೆಯೆಂದು ಐವರ ಪೀಠ 2023ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಹಾಸನದ, ಯಾದಗಿರಿಯ ಕೋರ್ಟಿಗೆ ಆ ಅಧಿಕಾರವಿಲ್ಲ. ದೆಹಲಿಯವರೆಗೆ ಹೋಗಬಲ್ಲವರಿಗೆ ಒಂದು ನ್ಯಾಯ, ಬಸ್ ಚಾರ್ಜಿಗೆ ಲೆಕ್ಕ ಹಾಕುವವರಿಗೆ ಇನ್ನೊಂದು. ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನೂ ವಿಚ್ಛೇದನಕ್ಕೆ ಆಧಾರ ಮಾಡಿ ಎಂದು ಕಾನೂನು ಆಯೋಗ ಹೇಳಿದ್ದು 1978ರಲ್ಲಿ.

ನನ್ನ ಸ್ತ್ರೀವಾದಿ ಗೆಳತಿಯರು ಇದನ್ನು ಒಪ್ಪುವುದಿಲ್ಲ. ಬಾಗಿಲು ಸಲೀಸಾದರೆ ಗಂಡಸರು ಹೆಂಡತಿಯರನ್ನು ಬೀದಿಗೆ ತಳ್ಳುತ್ತಾರೆ ಎನ್ನುತ್ತಾರೆ. ಆ ಭಯ ನಿಜ. ಯಾಕೆಂದರೆ ಗೋವಾ ಬಿಟ್ಟರೆ ನಮ್ಮಲ್ಲಿ ದಂಪತಿಗಳ ಜಂಟಿ ಆಸ್ತಿ ಎಂಬ ಕಲ್ಪನೆಯೇ ಕಾನೂನಿನಲ್ಲಿಲ್ಲ. ಅಕ್ಕ ಹನ್ನೆರಡು ವರ್ಷ ಸಂಸಾರ ಮಾಡಿದ ಮನೆ ಭಾವನ ಹೆಸರಿನಲ್ಲಿದೆ. ಅಷ್ಟೂ ವರ್ಷ ಅವಳು ದುಡಿದದ್ದು ಯಾವ ಖಾತೆಯಲ್ಲೂ ಇಲ್ಲ. ಹಾಗೆಂದು ಬಾಗಿಲಿಗೆ ಬೀಗ ಹಾಕಿಯೇ ಇಡುವುದು ಪರಿಹಾರ ಅಲ್ಲ. ಬಾಗಿಲೂ ಬೇಕು, ಪಾಲೂ ಬೇಕು, ಎರಡೂ ಒಟ್ಟಿಗೇ ಬರಬೇಕು. ಎರಡನ್ನೂ ಸೇರಿಸಿದ್ದ ಮಸೂದೆ 2013ರಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿತ್ತು. ಲೋಕಸಭೆಯ ಅವಧಿ ಮುಗಿಯಿತು, ಮಸೂದೆ ಬಿದ್ದುಹೋಯಿತು. ಅದಕ್ಕಾಗಿ ನಮ್ಮ ಯಾವ ಗೋಷ್ಠಿಯಲ್ಲಿ ಯಾರು ಮಾತಾಡಿದ್ದನ್ನೂ ನಾನು ಕೇಳಿಲ್ಲ.

ವರಮಾನ ಎಷ್ಟೇ ಇರಲಿ, ಯಾವ ಹೆಣ್ಣಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿದೆ. ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಕ್ಕ ಬಳೆ ಅಡವಿಟ್ಟು ವಕೀಲರ ಫೀಸು ಕಟ್ಟುತ್ತಿದ್ದ ಎರಡು ವರ್ಷ ಇದನ್ನು ಅವಳಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ನಾನು ವಿವಾಹ ಸಂಸ್ಥೆಯ ಕುರಿತು ನೂರು ಪುಟ ಬರೆದು ಮುಗಿಸಿದ್ದೆ.

ಆ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ತಾರೀಖಿಗೆ ನಮ್ಮ ಜೊತೆ ಬನ್ನಿ, ಬೆಂಚಿನಲ್ಲಿ ಜಾಗ ಮಾಡಿಕೊಡುತ್ತೇವೆ. ಸಿಮ್ ಬದಲಾಯಿಸಲು ಎಷ್ಟು ವರ್ಷ ಹಿಡಿಯಿತು ಎಂದು ಪಕ್ಕದಲ್ಲಿ ಕೂತವರನ್ನು ನೀವೇ ಕೇಳಿ.